ಕೊನೆಯ ಗುಟುಕು

ಪ್ಯಾನೆಲ್ ಯಾಕೆ ಉಬ್ಬುತ್ತದೆ ಎಂದು ಕಂಡುಹಿಡಿದವನು ಮಹಾದೇವಸ್ವಾಮಿ. ಅದನ್ನು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದವನು ಚಂದ್ರಶೇಖರ. ನಡೆದದ್ದು ಇಷ್ಟೇ. ಕಾರ್ಖಾನೆಯಲ್ಲಿ ಉಳಿದವರೆಲ್ಲ ಅದನ್ನು ಎಂದೋ ಮರೆತಿದ್ದರು. ಮಹಾದೇವಸ್ವಾಮಿಗೆ ಮಾತ್ರ ಅದು ದಿನಾ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಹೊಸದಾಗಿ ನಡೆಯುತ್ತಿತ್ತು.

ನಂಜನಗೂಡಿನ ಹತ್ತಿರ ತಾಂಡ್ಯದಲ್ಲಿರುವ ಅವರ ಕಾರ್ಖಾನೆ ಮಾಡುವುದು ಜೇನುಗೂಡು ಪ್ಯಾನೆಲ್. ಕೆಳಗೊಂದು ತೆಳ್ಳನೆಯ ಅಲ್ಯುಮಿನಿಯಂ ಹಾಳೆ, ಮೇಲೊಂದು, ನಡುವೆ ಜೇನುಹಟ್ಟಿಯ ಹಾಗೆ ಆರು ಮೂಲೆಯ ಸಣ್ಣ ಸಣ್ಣ ಗೂಡುಗಳಾಗಿ ಹೆಣೆದ ಗಟ್ಟಿ ಕಾಗದ. ಬಿಡಿಬಿಡಿಯಾಗಿ ಇವು ಯಾವುದಕ್ಕೂ ಬಾರದ ಸಾಮಾನು. ಹಾಳೆಯನ್ನು ಕೈಯಲ್ಲೇ ಬಗ್ಗಿಸಬಹುದು, ಕಾಗದವನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಬಹುದು. ಅಂಟು ಮೂರನ್ನೂ ಸೇರಿಸಿ ಹಿಡಿದುಬಿಟ್ಟರೆ ಮೇಲೆ ಎತ್ತು ತಂದು ನಿಲ್ಲಿಸಿದರೂ ಅಲ್ಲಾಡುವುದಿಲ್ಲ. ಇರುವ ಶಕ್ತಿಯೆಲ್ಲ ಆ ಹಿಡಿತದ್ದು. ಹಿಡಿತಕ್ಕೆ ಇರುವ ವೈರಿ ಒಂದೇ, ತೇವ.

ಇದು ಈಗ ಅಲ್ಲಿ ಕಸ ಗುಡಿಸುವವರಿಗೂ ಗೊತ್ತು. ಆಗ ಯಾರಿಗೂ ಗೊತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಕಳಿಸಿದ ಮಾಲೆಲ್ಲ ಹೊಟ್ಟೆ ಉಬ್ಬಿಸಿಕೊಂಡು ವಾಪಸು ಬರತೊಡಗಿದಾಗ ಅಂಟು ಬದಲಾಯಿಸಿದರು, ಪ್ರೆಸ್ಸು ಬದಲಾಯಿಸಿದರು, ಮಾಲೀಕರಾದ ಯಶೋಧರಾ ಮೇಡಂ ಪುರೋಹಿತರನ್ನು ಕರೆಸಿ ಹೋಮವನ್ನೂ ಮಾಡಿಸಿದರು. ಮಹಾದೇವಸ್ವಾಮಿ ಬಿಳಿಗೆರೆಯ ತನ್ನ ಮನೆಯಲ್ಲಿ ಊಟಕ್ಕೆ ಕೂತಿದ್ದ. ಅವ್ವ ಹಪ್ಪಳದ ಡಬ್ಬಿಯ ಮುಚ್ಚಳ ಹಾಕುವುದನ್ನು ಮರೆತಿದ್ದಳು. ಕೈಗೆತ್ತಿಕೊಂಡ ಹಪ್ಪಳ ಮುರಿಯದೆ ಬಟ್ಟೆಯ ಹಾಗೆ ಬಗ್ಗಿತು. ಬಗ್ಗಿದ ಹಪ್ಪಳವನ್ನೇ ನೋಡುತ್ತಾ ಅನ್ನ ಆರಿಹೋಗುವಷ್ಟು ಹೊತ್ತು ಅವನು ಕೂತಿದ್ದ. ಮಾರನೆಯ ದಿನ ಗೂಡಿನ ಕಾಗದದ ಒಂದು ತುಂಡನ್ನು ತೂಗಿ, ಕಾಯಿಸಿ, ಮತ್ತೆ ತೂಗಿದ. ತೂಕ ಇಳಿದಿತ್ತು. ಕಾಗದ ಗಾಳಿಯಿಂದಲೇ ನೀರು ಕುಡಿಯುತ್ತಿತ್ತು. ಮೊದಲು ಒಣಗಿಸಬೇಕು, ಆಮೇಲೆ ಅಂಟಿಸಬೇಕು. ಅದನ್ನು ಅವನು ಬೈಕಿನ ಹಿಂದೆ ಕೂತಿದ್ದ ಚಂದ್ರುವಿಗೆ ಹೇಳಿದ. ಒಂದೇ ಊರಿನವರು, ಒಂದೇ ಬೆಂಚಿನಲ್ಲಿ ಓದಿದವರು, ಇನ್ಯಾರಿಗೆ ಹೇಳುತ್ತಾನೆ? ಚಂದ್ರು ಅದನ್ನು ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ.

ಚಂದ್ರು ಪ್ರೊಡಕ್ಷನ್ ಮ್ಯಾನೇಜರ್ ಆದ. ನಂಜನಗೂಡು ಪೇಟೆಯಲ್ಲಿ ಮನೆ ಮಾಡಿದ. ಒಣಗಿಸಿ ಅಂಟಿಸುವುದಕ್ಕೆಂದೇ ಕಟ್ಟಿದ ಒಣಕೋಣೆಗೆ ಮಹಾದೇವಸ್ವಾಮಿಯನ್ನು ಇನ್‌ಚಾರ್ಜ್ ಮಾಡಿದರು. ಅವನದೇ ಬುದ್ಧಿಯೊಳಗೆ ಅವನನ್ನು ಕೂಡಿಹಾಕಿ ಬಾಗಿಲು ಮುಚ್ಚಿದ ಹಾಗೆ.

ಮೀಟಿಂಗಿನಲ್ಲಿ ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಒಮ್ಮೆ ಮಾತ್ರ ಅವನು ಕೇಳಿದ್ದ. ಚಂದ್ರು ನಕ್ಕು ಅವನ ಹೆಗಲ ಮೇಲೆ ಕೈ ಹಾಕಿದ್ದ.

"ನಾನ್ ಏಳುದ್ರೇನ್ಲಾ, ನೀನ್ ಏಳುದ್ರೇನ್ಲಾ? ಕೆಲ್ಸ ಆಯ್ತಲ್ಲ."

ಆ ಕೈಯ ಭಾರ ಹೆಗಲ ಮೇಲೆ ಈಗಲೂ ಇತ್ತು.

ಕೆಲಸ ಕೊಟ್ಟದ್ದು ಸಾಲದೆಂಬಂತೆ ಚಂದ್ರು ಅವನ ಮನೆಗೂ ಬರುತ್ತಿದ್ದ. ಸೋಮವಾರ ಸಂಜೆ ಬಿಳಿಗೆರೆ ಕಡೆ ಬಂದರೆ ನಂಜುಂಡೇಶ್ವರನ ಗುಡಿಯಿಂದ ಅವ್ವನಿಗೆಂದು ಏನಾದರೂ ಪ್ರಸಾದದ ಪೊಟ್ಟಣ ತರುತ್ತಿದ್ದ. ಅವ್ವ, ಗುರುಸಿದ್ದಮ್ಮ, ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ಮರೆಯಲ್ಲಿ ಒಳಗೊಯ್ಯುತ್ತಿದ್ದಳು. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟುವುದನ್ನು ಮಹಾದೇವಸ್ವಾಮಿ ಜಗಲಿಯಿಂದ ನೋಡುತ್ತಿದ್ದ. ಹೆತ್ತವಳೂ ಅವನ ಕಡೆಯೇ ಎಂದುಕೊಳ್ಳುತ್ತಿದ್ದ.

ಈ ನಡುವೆ ಅವನಿಗೆ ನಿದ್ದೆ ಕೆಟ್ಟಿತ್ತು. ಅವ್ವ ಗಮನಿಸಿದ್ದಳು. ಬೆಳಿಗ್ಗೆ ಊಟದ ಡಬ್ಬಿಯ ಜೊತೆ ಸ್ಟೀಲಿನ ನೀರಿನ ಬಾಟ್ಲಿಯನ್ನು ಕೈಗೆ ಕೊಡುವಾಗ ಅವಳ ಕಟ್ಟುಪಾಡುಗಳು ಹೆಚ್ಚಾಗಿದ್ದವು.

"ಪೂರ್ತಿ ಕುಡೀಬೇಕು ಕಣ್ ಮಗಾ. ತಳದಲ್ಲಿ ಉಳುಸ್ಬ್ಯಾಡ. ಬ್ಯಾರೇವ್ರ್ಗೆ ಕೊಡ್ಬ್ಯಾಡ."

"ಒಂದ್ ಬಾಟ್ಲಿ ನೀರ್ಗೆ ಎಷ್ಟವ್ವಾ ಕಾನೂನು?"

"ಏಳ್ದಷ್ಟ್ ಮಾಡು. ಮಾತಾಡ್ಬ್ಯಾಡ."

ಅವನು ಹೂಂ ಅನ್ನುತ್ತಿದ್ದ, ಮಾಡುತ್ತಿರಲಿಲ್ಲ. ತಳದ ಗುಟುಕು ಬಾಯಿಗೆ ಯಾಕೋ ಮಣ್ಣುಮಣ್ಣಾಗಿ ಸಿಗುತ್ತಿತ್ತು. ಸಂಜೆ ಬಾಟ್ಲಿಯನ್ನು ಒಮ್ಮೆ ಕುಲುಕಿ ಆ ಗುಟುಕನ್ನು ಒಣಕೋಣೆಯ ಹೊರಗಿದ್ದ ನಂದಿಬಟ್ಟಲು ಗಿಡದ ಬುಡಕ್ಕೆ ಚೆಲ್ಲುತ್ತಿದ್ದ. ಬುಡದ ಮಣ್ಣು ಬೆಳ್ಳಗೆ ಹಕ್ಕಳೆ ಕಟ್ಟಿತ್ತು.

"ಏನ್ ಸ್ವಾಮಣ್ಣ, ಗಿಡುಕ್ಕೆ ಸುಣ್ಣ ಒಡ್ಸಿದ್ದೀರಿ?" ಎಂದಿದ್ದಳು ವನಜಾಕ್ಷಿ. ಮಾಲು ಪರೀಕ್ಷೆ ಮಾಡುವ ವಿಭಾಗದ ಹುಡುಗಿ ಅವಳು, ಬಾಯಿ ಸ್ವಲ್ಪ ಜಾಸ್ತಿ.

"ನಮ್ಕಡೆ ನೀರೇ ಗಡಸು ಕಣಮ್ಮ."

ಮಾತು ಅಲ್ಲಿಗೆ ಮುಗಿದಿತ್ತು.

ತಿ. ನರಸೀಪುರದ ಆರ್ಡರ್ ಬಂದಾಗ ಅವನ ತಲೆಯೊಳಗೆ ಏನೋ ತಣ್ಣಗೆ ಕೂತುಕೊಂಡಿತು. ಕಪಿಲೆ ಕಾವೇರಿಯನ್ನು ಸೇರುವಲ್ಲಿ, ಸೋಪಾನದಿಂದ ಹೊಳೆಯೊಳಕ್ಕೆ ಚಾಚಿಕೊಳ್ಳುವ ಒಂದು ತೇಲುವ ಕಾಲುಹಾದಿ. ಕೆಳಗೆ ಹಿಂದಿನ ಮುಂದಿನ ಅಂಚುಗಳಿಗಷ್ಟೇ ಪೀಪಾಯಿಗಳು, ಮೇಲೆ ಇವರ ಪ್ಯಾನೆಲ್‌ಗಳು. ದೋಣಿ ಹತ್ತುವ ಪ್ರವಾಸಿಗಳಿಗೆಂದು ಗುತ್ತಿಗೆದಾರನೊಬ್ಬ ಮಾಡಿಸುತ್ತಿದ್ದ. ನಕ್ಷೆಯಲ್ಲಿ ಎಲ್ಲ ಪ್ಯಾನೆಲ್‌ಗಳೂ ಚೌಕ, ತುದಿಯದು ಮಾತ್ರ ಮುಂದೆ ದುಂಡಗೆ. ಅಂಥದು ಒಂದೇ ಒಂದು. ಅದು ಬೇರೆಲ್ಲೂ ಕೂರುವಂತಿಲ್ಲ, ಬೇರೆ ಯಾವುದೂ ಅಲ್ಲಿ ಕೂರುವಂತಿಲ್ಲ.

ಚಂದ್ರುವಿಗೆ ಒಂದು ಚಾಳಿ ಇತ್ತು. ಗಿರಾಕಿ ಎದುರು ಯಾವ ಪ್ಯಾನೆಲ್ ತೋರಿಸಿದರೂ ಅದರ ನಡುಮಧ್ಯಕ್ಕೆ ಹೋಗಿ ಎರಡೂ ಕಾಲೆತ್ತಿ ಎಗರುತ್ತಿದ್ದ. ಧಡ್ ಎಂದು ಸದ್ದಾಗುತ್ತಿತ್ತು, ಗಿರಾಕಿ ಬೆಚ್ಚುತ್ತಿದ್ದ, ಚಂದ್ರು ನಗುತ್ತಿದ್ದ. ಕಾಲುಹಾದಿಯಲ್ಲಿ ಅವನು ಎಗರುವುದು ತುದಿಯಲ್ಲೇ, ಸೋಪಾನದ ಮೇಲೆ ನಿಂತವರೆಲ್ಲರಿಗೂ ಕಾಣುವ ಹಾಗೆ. ಅದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಚಂದ್ರುವಿಗೆ ಈಜು ಬಾರದು. ಚಿಕ್ಕವರಾಗಿದ್ದಾಗ ಊರಿನ ನಾಲೆಗೆ ಜಾರಿದವನನ್ನು ಕೂದಲು ಹಿಡಿದು ಎಳೆದು ದಡಕ್ಕೆ ಹಾಕಿದವನು ಮಹಾದೇವಸ್ವಾಮಿಯೇ.

ಕೊಲ್ಲುವ ಯೋಚನೆ ತನಗಿಲ್ಲ ಎಂದು ಅವನು ತನಗೇ ಬಹಳ ಸಲ ಹೇಳಿಕೊಂಡ. ಯೋಜನೆಯ ಅಂದವೇ ಅದು. ಪ್ಯಾನೆಲ್ ಮಡಿಚಿಕೊಳ್ಳುತ್ತದೆ, ಚಂದ್ರು ಬೀಳುತ್ತಾನೆ, ಮಾಲೀಕರು, ಗುತ್ತಿಗೆದಾರರು, ಊರಿನವರೆಲ್ಲ ನೋಡುತ್ತಿರುವಂತೆ ಮಹಾದೇವಸ್ವಾಮಿ ಧುಮುಕಿ ಎತ್ತುತ್ತಾನೆ. ಬೀಳಿಸುವವನೂ ಅವನೇ, ಎತ್ತುವವನೂ ಅವನೇ. ಎರಡರಲ್ಲಿ ಒಂದು ಮಾತ್ರ ಲೋಕಕ್ಕೆ ಕಾಣುತ್ತದೆ. ಮೊದಲು ಕಂಡುಹಿಡಿದದ್ದು ಕಾಣದೆ ಹೇಳಿದ್ದು ಮಾತ್ರ ಕಂಡಿತ್ತಲ್ಲ, ಅದಕ್ಕೆ ಇದು ಸರಿಹೋಯಿತು.

ತಪ್ಪು ಯಾರ ತಲೆಗೆ ಬರುತ್ತದೆ ಎಂಬುದನ್ನೂ ಅವನು ಯೋಚಿಸಬೇಕಾಗಿರಲಿಲ್ಲ. ಚಂದ್ರು ತಾನೇ ಅದನ್ನು ಹೊತ್ತು ತಂದ. ಮಳೆ ಹಿಡಿದು ಕೆಲಸ ಹಿಂದೆ ಬಿದ್ದಿತ್ತು, ಗುತ್ತಿಗೆದಾರ ದಿನಾ ಫೋನು ಮಾಡುತ್ತಿದ್ದ. ಚಂದ್ರು ಒಣಕೋಣೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಲೇ ಸ್ವಾಮಿ, ಒಣಗ್ಸದು ಅರ್ಧಕ್ಕರ್ಧ ಇಳುಸ್ಲಾ. ಏನೂ ಆಗಕಿಲ್ಲ."

"ತೇವ ಉಳ್ಕಂಡ್ರೆ?"

"ಉಳ್ಕಂಡ್ರೆ ನಾನಿಲ್ವೇನ್ಲಾ!"

ಒಳಗಿದ್ದವರೆಲ್ಲ ನಕ್ಕರು. ಮಹಾದೇವಸ್ವಾಮಿಯೂ ನಕ್ಕ.

ಒಣಕೋಣೆಗೆ ನೀರು ಒಯ್ಯುವಂತಿಲ್ಲ. ಅದೊಂದೇ ಅಲ್ಲಿನ ಕಟ್ಟುನಿಟ್ಟು. ಬಾಗಿಲ ಹೊರಗೆ ಬಾಟ್ಲಿ ಇಡುವ ಕಬ್ಬಿಣದ ರ‍್ಯಾಕು. ಕೈ ಒರೆಸಿ, ಕೈಗವಸು ತೊಟ್ಟು ಒಳಗೆ ಹೋಗಬೇಕು. ಬೆವರಿನ ಹನಿ ಬಿದ್ದರೂ ಆ ಜಾಗವನ್ನು ಮತ್ತೆ ಒಣಗಿಸಬೇಕು. ಈ ನಿಯಮಗಳನ್ನೆಲ್ಲ ಮಾಡಿದವನು ಅವನೇ. ಅವನ ಕೈಯಲ್ಲಿ ಬಾಟ್ಲಿ ಕಂಡರೂ ಅದು ನೀರು ಎಂದು ಯಾರ ಮನಸ್ಸಿಗೂ ಹೊಳೆಯುವಂತಿರಲಿಲ್ಲ.

ದುಂಡು ಪ್ಯಾನೆಲ್ ಅಂಟಿಸುವ ದಿನ ಸಂಜೆ ಚಹಾದ ಬೆಲ್ಲು ಹೊಡೆಯಿತು. ಎಲ್ಲರೂ ಕ್ಯಾಂಟೀನಿಗೆ ಹೋದರು. ಕೆಳಹಾಳೆಯ ಮೇಲೆ ಅಂಟು ಬಳಿದು ಗೂಡಿನ ಕಾಗದ ನಿಲ್ಲಿಸಿಯಾಗಿತ್ತು. ಸಾವಿರಾರು ಗೂಡುಗಳು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದವು, ಮರಿಹಕ್ಕಿಗಳ ಹಾಗೆ. ಅವನು ರ‍್ಯಾಕಿನಿಂದ ತನ್ನ ಬಾಟ್ಲಿ ತೆಗೆದುಕೊಂಡು ಬಂದ. ನೀರನ್ನು ಅಂಗೈಗೆ ಬಗ್ಗಿಸಿಕೊಂಡು, ಊಟಕ್ಕೆ ಮೊದಲು ಬಾಳೆಎಲೆಗೆ ಚಿಮುಕಿಸುವಂತೆ, ನಡುಮಧ್ಯದಲ್ಲಿ ಅಡ್ಡಲಾಗಿ ಒಂದು ಪಟ್ಟಿಯ ಉದ್ದಕ್ಕೂ ಚಿಮುಕಿಸಿದ. ಈ ಅಂಚಿನಿಂದ ಆ ಅಂಚಿನವರೆಗೆ. ಗೂಡುಗಳು ಸದ್ದಿಲ್ಲದೆ ಕುಡಿದವು. ಕೊನೆಗೆ ಬಾಟ್ಲಿಯನ್ನು ಚೆನ್ನಾಗಿ ಕುಲುಕಿ, ತಳದ ಗುಟುಕನ್ನೂ ಬಿಡದೆ ಅದೇ ಪಟ್ಟಿಯ ಉದ್ದಕ್ಕೂ ಸುರಿದು ಬರಿದು ಮಾಡಿದ. ಉಳಿದ ನೀರನ್ನು ಹಿಡಿದುಕೊಂಡು ಹೊರಗೆ ಹೋಗುವುದಕ್ಕಿಂತ ಖಾಲಿ ಬಾಟ್ಲಿ ಮೇಲು ಎನ್ನಿಸಿತ್ತು. ಇವತ್ತು ಅವ್ವ ಹೇಳಿದ ಹಾಗೇ ಆಯಿತು, ತಳದಲ್ಲಿ ಏನೂ ಉಳಿಸಲಿಲ್ಲ ಎಂದುಕೊಂಡು ಅವನಿಗೆ ಸಣ್ಣಗೆ ನಗು ಬಂತು. ಚಹಾ ಮುಗಿಸಿ ಬಂದವರು ಮೇಲ್ಹಾಳೆ ಎತ್ತಿ ಮುಚ್ಚಿದರು. ಅವನೂ ಒಂದು ಮೂಲೆ ಹಿಡಿದ.

ಒದ್ದೆ ಜಾಗದಲ್ಲಿ ಅಂಟು ಬಿಟ್ಟುಕೊಳ್ಳುವುದಿಲ್ಲ, ಅದು ಅವನಿಗೆ ಗೊತ್ತಿತ್ತು. ಹಾಳೆ ಕಾಗದವನ್ನು ಮುಟ್ಟಿಕೊಂಡೇ ಇರುತ್ತದೆ. ನಾಣ್ಯದಿಂದ ಕುಟ್ಟಿದರೆ ಟಣ್ ಎಂದು ಸರಿಯಾದ ಸದ್ದೇ ಬರುತ್ತದೆ. ಹಿಡಿತ ಮಾತ್ರ ಇರುವುದಿಲ್ಲ. ವನಜಾಕ್ಷಿ ರೂಪಾಯಿ ನಾಣ್ಯ ಹಿಡಿದು ಇಡೀ ಪ್ಯಾನೆಲ್ ಕುಟ್ಟಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿದಳು. ಅಲ್ಲಿಂದ ಮುಂದಿನ ಕೆಲಸ ನೀರಿನದು. ಹಗಲಿನ ಬಿಸಿಲಿಗೆ ಅದು ಒಳಗೇ ಆವಿಯಾಗುತ್ತದೆ, ರಾತ್ರಿಯ ಚಳಿಗೆ ಹನಿಯಾಗುತ್ತದೆ, ಕಾಗದದೊಳಕ್ಕೆ ಇಳಿಯುತ್ತದೆ, ಅಂಟನ್ನು ಮೆಲ್ಲಗೆ ಮೆತ್ತಗಾಗಿಸುತ್ತದೆ. ತೂತಿಲ್ಲ, ಗೀರಿಲ್ಲ, ಗುರುತಿಲ್ಲ. ಮುರಿದ ಮೇಲೆ ಅದು ಬೀಳುವುದೂ ಹೊಳೆಗೇ. ಹೊಳೆಯಲ್ಲಿ ಬಿದ್ದ ಪ್ಯಾನೆಲಿನಲ್ಲಿ ನೀರು ಸಿಕ್ಕರೆ ಅದರಲ್ಲಿ ಯಾರ ಬಾಟ್ಲಿಯದೆಷ್ಟು, ಕಾವೇರಿಯದೆಷ್ಟು ಎಂದು ಯಾರು ವಿಂಗಡಿಸುತ್ತಾರೆ? ಈ ಯೋಚನೆ ಬಂದ ದಿನ ಅವನು ಚೆನ್ನಾಗಿ ನಿದ್ದೆ ಮಾಡಿದ. ಅವ್ವ ಬೆಳಿಗ್ಗೆ ಅವನ ಮುಖ ನೋಡಿ ದೇವರ ಪಟಕ್ಕೆ ಕೈ ಮುಗಿದಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಎಲ್ಲರೂ ಸಂಗಮದಲ್ಲಿ ಸೇರಿದರು. ಹೊಳೆ ತುಂಬಿತ್ತು. ಕಪಿಲೆಯ ನೀರು ಒಂದು ಬಣ್ಣ, ಕಾವೇರಿಯದು ಇನ್ನೊಂದು. ನಡುವೆ ಸುಳಿಗಳ ಒಂದು ಗೆರೆ. ಹರಿಗೋಲಿನವರು ಬೀಡಿ ಸೇದುತ್ತಾ ಹೊಸ ಹಾದಿಯನ್ನು ಸಂಶಯದಿಂದ ನೋಡುತ್ತಿದ್ದರು. ಯಶೋಧರಾ ಮೇಡಂ ರೇಷ್ಮೆ ಸೀರೆಯಲ್ಲಿ ಬಂದಿದ್ದರು. ಗುತ್ತಿಗೆದಾರ ಶಲ್ಯ ಹೊದ್ದು ನಿಂತಿದ್ದ. ಮಹಾದೇವಸ್ವಾಮಿ ಕಾಲುಹಾದಿಯ ಮಧ್ಯದಲ್ಲಿ, ತುದಿಗೆ ಹತ್ತಿರ, ಆದರೆ ತುದಿಯಲ್ಲಲ್ಲದ ಜಾಗ ಹಿಡಿದಿದ್ದ. ಮೊಬೈಲನ್ನು ಕಾರ್ಖಾನೆಯ ಕಾರಿನಲ್ಲೇ ಬಿಟ್ಟಿದ್ದ. ಚಪ್ಪಲಿಯನ್ನು ಸೋಪಾನದ ಮೇಲೆ ಬಿಟ್ಟಿದ್ದ.

ಒಂದು ಕ್ಷಣ ಎಲ್ಲವೂ ಹಾಳಾಗುವುದರಲ್ಲಿತ್ತು. ವನಜಾಕ್ಷಿ ವಿಡಿಯೋ ತೆಗೆಯುತ್ತೇನೆಂದು ಫೋನು ಹಿಡಿದು ತುದಿಯತ್ತ ಹೊರಟಳು. ಅವಳ ಬಿಳಿ ಸಾಕ್ಸ್ ತೊಟ್ಟ ಕಾಲು ದುಂಡು ಪ್ಯಾನೆಲ್ಲಿನ ಅಂಚಿಗೆ ಬಂತು. ಮಹಾದೇವಸ್ವಾಮಿ ತನಗರಿಯದೆ ಒಂದು ಹೆಜ್ಜೆ ಮುಂದಿಟ್ಟ.

"ಏಯ್, ಬಾಮ್ಮ ಈಚೆಗೆ," ಎಂದು ಚಂದ್ರುವೇ ಕೂಗಿದ. "ನಮ್ ಸ್ಟೇಜಿಗೆ ನೀನ್ಯಾಕ್ ಓಯ್ತೀಯ? ಅಲ್ಲಿಂದ್ಲೇ ತಗಿ."

ಅವಳು ಮುಖ ಊದಿಸಿಕೊಂಡು ಹಿಂದೆ ಬಂದಳು.

ಚಂದ್ರು ತುದಿಯ ಹತ್ತಿರ ಬಂದು ನಿಂತ. ಎಗರುವ ಮೊದಲು ಅವನು ಒಂದು ಭಾಷಣ ಮಾಡುವುದಿತ್ತು. ಪ್ರತಿ ಸಲವೂ ಅದೇ ಭಾಷಣ. ಈ ಸಲ ಅದು ಬೇರೆಯಾಗಿತ್ತು.

"ಮೇಡಂ, ಇದ್ರ ಗುಟ್ಟೆಲ್ಲ ಒಣಗ್ಸೋದ್ರಲ್ಲೈತೆ. ಅದುನ್ನ ಕಂಡಿಡ್ದಿದ್ದು ನಾನು ಅಂತ ನೀವು ತಿಳ್ಕೊಂಡಿದ್ದೀರಿ. ನಾನಲ್ಲ. ಇವ್ನು, ನಮ್ ಸ್ವಾಮಿ. ಅವತ್ತೇ ಏಳ್ಬೇಕಿತ್ತು, ಏಳ್ಲಿಲ್ಲ. ಇವ್ರವ್ವ ಮೊನ್ನೆ ನನ್ ಮುಂದೆ ಅತ್ಬುಟ್ರು. ಮಗ ಮಂಕಾಗವ್ನೆ, ಯಾಕೇಂತ ಗೊತ್ತಾಯ್ತಿಲ್ಲ ಅಂತ. ನಂಗೊತ್ತಿತ್ತು, ಮೇಡಂ. ನಂಗೊಬ್ಬುನ್ಗೇ ಗೊತ್ತಿತ್ತು."

ಯಶೋಧರಾ ಮೇಡಂ ತಲೆ ತಿರುಗಿಸಿ ಮಹಾದೇವಸ್ವಾಮಿಯನ್ನು ನೋಡಿದರು. ಗುತ್ತಿಗೆದಾರ ಚಪ್ಪಾಳೆ ತಟ್ಟಿದ. ಹರಿಗೋಲಿನವನೊಬ್ಬ ಯಾಕೆಂದು ತಿಳಿಯದೆ ತಾನೂ ತಟ್ಟಿದ. ಇಷ್ಟು ವರ್ಷ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಂಡ ದೃಶ್ಯ ಇದೇ. ಅದು ಇಷ್ಟು ಸುಲಭವಾಗಿ, ಇಷ್ಟು ಹಗುರವಾಗಿ, ಬಿಸಿಲಿನಲ್ಲಿ ನಡೆದುಹೋಯಿತು.

"ಬಾರ್ಲಾ," ಎಂದು ಚಂದ್ರು ಕೈ ಚಾಚಿದ. "ಇವತ್ತು ಇಬ್ರೂ ಎಗ್ರಾಣ."

ಒಂದು ಮಾತು ಸಾಕಿತ್ತು. ಬ್ಯಾಡ ಕಣ್ಲಾ, ನಿಂತ್ಕೋ. ಆದರೆ ಆ ಮಾತಿನ ಹಿಂದೆಯೇ ಯಾಕೆ ಎಂಬ ಇನ್ನೊಂದು ಮಾತು ಬರುತ್ತಿತ್ತು. ಯಾಕೆ ಎಂಬುದಕ್ಕೆ ಉತ್ತರ ಕೊಟ್ಟರೆ ಇದೀಗ ಸಿಕ್ಕಿದ್ದೆಲ್ಲ ಹೋಗುತ್ತಿತ್ತು. ಹಸಿದವನಿಗೆ ಎಲೆ ಹಾಕಿ ಬಡಿಸಿದ ಮೇಲೆ ಏಳು ಎಂದ ಹಾಗೆ.

"ನೀನೇ ಎಗ್ರು," ಎಂದ. "ನಂಗೆ ಸೊಂಟ ಇಡ್ಕಂಡೈತೆ."

ಚಂದ್ರು ನಕ್ಕು, ನಡುಮಧ್ಯಕ್ಕೆ ಹೋಗಿ, ಎರಡೂ ಕಾಲೆತ್ತಿ ಎಗರಿದ.

ಸದ್ದು ಧಡ್ ಎಂದು ಬರಲಿಲ್ಲ. ಒದ್ದೆ ರಟ್ಟು ಹರಿದ ಹಾಗೆ ಬಂತು. ಪ್ಯಾನೆಲ್ ಪುಸ್ತಕದಂತೆ ಮಡಿಚಿಕೊಂಡು ಚಂದ್ರುವನ್ನು ತನ್ನೊಳಗೆ ಇಟ್ಟುಕೊಂಡೇ ಹೊಳೆಗಿಳಿಯಿತು. ಇದು ಲೆಕ್ಕದಲ್ಲಿರಲಿಲ್ಲ. ಬೀಳುತ್ತಾನೆ ಎಂದು ಯೋಚಿಸಿದ್ದ. ಅದೇ ಹಾಳೆಗಳ ನಡುವೆ ಸಿಕ್ಕಿಕೊಳ್ಳುತ್ತಾನೆ ಎಂದು ಯೋಚಿಸಿರಲಿಲ್ಲ. ಮಹಾದೇವಸ್ವಾಮಿ ಧುಮುಕಿದ. ನೀರೊಳಗೆ ಮಸುಕು ಹಸಿರು, ಅದರಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಹರಿದ ಅಲ್ಯುಮಿನಿಯಂ, ಅದರ ಬಾಯಲ್ಲಿ ಒಂದು ತೋಳು. ಅವನು ತೋಳು ಹಿಡಿದು ಎಳೆದ. ಬರಲಿಲ್ಲ. ಅಲ್ಲೊಂದು ಗಳಿಗೆ, ಉಸಿರು ಕಟ್ಟಿದ ಆ ಹಸಿರಿನಲ್ಲಿ, ಕೈ ಬಿಟ್ಟರೂ ಯಾರಿಗೂ ತಿಳಿಯದು ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದು ಆಮೇಲೂ ಅವನಿಗೆ ತಿಳಿಯಲಿಲ್ಲ. ಹಾಳೆಯನ್ನು ಕಾಲಿನಿಂದ ಒದ್ದು ಬಾಯಿ ಅಗಲಿಸಿ, ಕೂದಲು ಹಿಡಿದು ಮೇಲಕ್ಕೆ ಎಳೆದ. ಹರಿಗೋಲಿನವರು ಇಬ್ಬರನ್ನೂ ಎತ್ತಿಕೊಂಡರು.

ಚಂದ್ರು ನೀರು ಕಕ್ಕಿ ಕಣ್ಣು ಬಿಟ್ಟಾಗ ಆಡಿದ ಮೊದಲ ಮಾತು, "ನೀನೇ ಬತ್ತೀಯ ಅಂತ ಗೊತ್ತಿತ್ತು ಕಣ್ಲಾ."

ಮುಂದೆ ಎಲ್ಲವೂ ಯೋಜನೆಯಂತೆ ಇಳಿಜಾರಿನಲ್ಲಿ ತಾನಾಗಿಯೇ ಉರುಳಿತು. ವಿಡಿಯೋ ಊರೂರು ಸುತ್ತಿತು. ಬಿಳಿಗೆರೆಯಲ್ಲಿ ಅವನಿಗೆ ಹಾರ ಹಾಕಿದರು. ಒಣಗಿಸುವುದನ್ನು ಅರ್ಧಕ್ಕಿಳಿಸಿದ್ದು ಚಂದ್ರುವೇ ಎಂದು ಒಣಕೋಣೆಯವರೆಲ್ಲ ಕೇಳದೆಯೇ ಸಾಕ್ಷಿ ಹೇಳಿದರು. ಚಂದ್ರು ಇಲ್ಲವೆನ್ನಲಿಲ್ಲ, ಮುರಿದ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕೂತ. ಯಶೋಧರಾ ಮೇಡಂ ಮಹಾದೇವಸ್ವಾಮಿಯನ್ನು ಕರೆದು ಗಾಜಿನ ಕೋಣೆಯ ಕುರ್ಚಿ ತೋರಿಸಿದರು. ಅವನು ಕೂತ. ಕುರ್ಚಿ ತಿರುಗುತ್ತಿತ್ತು. ಅವ್ವ ಮಾತ್ರ ಸಂತೋಷಪಟ್ಟಂತೆ ಕಾಣಲಿಲ್ಲ. ಬಾಟ್ಲಿ ಕೈಗೆ ಕೊಡುವಾಗ ಮಗನ ಮುಖವನ್ನು ಮೊದಲಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದಳು.

ಮುರಿದ ಪ್ಯಾನೆಲ್ಲನ್ನು ಹೊಳೆಯಿಂದ ತೆಗೆಸಿ ಕಾರ್ಖಾನೆಗೆ ತಂದಿದ್ದರು. ಅದು ಆರಿದ ಮೇಲೆ ಒಣಕೋಣೆಯಲ್ಲೇ ಕೊಯ್ದು ನೋಡುವುದೆಂದಾಯಿತು. ಯಶೋಧರಾ ಮೇಡಂ ಬಂದು ನಿಂತಿದ್ದರು, ಗುತ್ತಿಗೆದಾರನ ಕಡೆಯಿಂದಲೂ ಒಬ್ಬ ಬಂದಿದ್ದ. ಚಂದ್ರು ಕೂಡ ಕುತ್ತಿಗೆಗೆ ತೋಳು ಜೋತುಹಾಕಿಕೊಂಡು ಬಂದು ಗೋಡೆಗೆ ಒರಗಿ ನಿಂತ. ಕೊಯ್ಯಲು ಹೇಳಿದ್ದು ಹೊಸ ಮ್ಯಾನೇಜರಿಗೆ. ಮಹಾದೇವಸ್ವಾಮಿ ಕಪ್ಪುಕಲ್ಲಿನ ಮೇಜಿನ ಮೇಲೆ ಪ್ಯಾನೆಲ್ ಮಲಗಿಸಿ, ನಿಧಾನವಾಗಿ, ಒಳ್ಳೆ ಕೆಲಸಗಾರನ ಅಂದದಲ್ಲಿ ಗರಗಸ ಆಡಿಸಿ ಮೇಲ್ಹಾಳೆ ಬಿಡಿಸಿದ. ಹರಿದ ಬಾಯಿಯ ಸುತ್ತ ಗೂಡುಗಳಲ್ಲಿ ಹೊಳೆಯ ಕಂದು ಮಣ್ಣು ತುಂಬಿತ್ತು. ನಿರೀಕ್ಷಿಸಿದ್ದೇ. ವಿವರಿಸಲು ಬಾಯಿ ತೆರೆದ.

"ಇದೇನ್ ಸಾ ಇದು?" ಎಂದಳು ವನಜಾಕ್ಷಿ.

ಹರಿಯದೆ ಉಳಿದ ಎರಡೂ ಅಂಚುಗಳಲ್ಲಿ, ಮಣ್ಣು ತಲುಪದ ಮುಚ್ಚಿದ ಗೂಡುಗಳಲ್ಲಿ, ನಡುಪಟ್ಟಿಯ ಉದ್ದಕ್ಕೂ, ಪ್ರತಿ ಗೂಡಿನ ತಳದಲ್ಲೂ ಬೆಳ್ಳಗೆ ಒಂದೊಂದು ಉಂಗುರ ಕಟ್ಟಿತ್ತು. ಪಟ್ಟಿಯ ಆಚೆಗೆ ಒಂದು ಗೂಡಿನಲ್ಲೂ ಇಲ್ಲ.

"ಸುಣ್ಣ," ಎಂದ ಮಹಾದೇವಸ್ವಾಮಿ. "ಹೊಳೆ ನೀರು ಆರಿದ್ರೆ ಹಂಗೇ."

"ಹೊಳೆ ನೀರು ಇಲ್ಲಿಗಂಟ ಬಂದೇ ಇಲ್ವಲ್ಲ ಸಾ? ಬಂದಿದ್ರೆ ಮಣ್ಣೂ ಬರ್ಬೇಕಿತ್ತು."

ಚಂದ್ರು ಗೋಡೆ ಬಿಟ್ಟು ಬಂದ. ಒಳ್ಳೆಯ ಕೈಯ ಬೆರಳನ್ನು ಒಂದು ಗೂಡಿಗೆ ಇಳಿಸಿ ತೆಗೆದ. ಹೆಬ್ಬೆರಳಿನಿಂದ ಉಜ್ಜಿ ನೋಡಿದ. ನುಣ್ಣಗೆ, ಬೂದಿಯ ಹಾಗೆ. ಯೋಚಿಸದೆಯೇ, ಹುಟ್ಟಿದಂದಿನಿಂದ ರೂಢಿಯಾದ ದಾರಿ ಹಿಡಿದು, ಆ ಬೆರಳು ಅವನ ಹಣೆಯತ್ತ ಏರಿತು. ಅರ್ಧದಲ್ಲಿ ನಿಂತಿತು. ಅವನು ಮಹಾದೇವಸ್ವಾಮಿಯನ್ನು ನೋಡಲಿಲ್ಲ. ಬಾಗಿಲ ಹೊರಗಿನ ರ‍್ಯಾಕನ್ನು ನೋಡಿದ.

"ನಿನ್ ಬಾಟ್ಲಿ ತಗೀತೀನಿ ಕಣ್ಲಾ," ಎಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಸ್ಟೀಲಿನ ಬಾಟ್ಲಿಯಲ್ಲಿ ತಳದ ಗುಟುಕು ಉಳಿದಿತ್ತು, ಯಾವತ್ತಿನ ಹಾಗೆ. ಚಂದ್ರು ಅದನ್ನು ಕುಲುಕಿ ಕಪ್ಪುಕಲ್ಲಿನ ಮೇಲೆ ಬಗ್ಗಿಸಿದ. ಬಿಳಿಗೆರೆಯ ಮನೆಗಳಲ್ಲಿ ಕುಡಿಯುವುದು ಪಂಚಾಯಿತಿಯ ಶುದ್ಧ ನೀರಿನ ಘಟಕದ ನೀರು, ಅದರಲ್ಲಿ ಸುಣ್ಣದ ಸುಳಿವೂ ಇರುವುದಿಲ್ಲ. ಹನಿ ನೀರು ಎಲ್ಲಿಂದ ಬಂತು, ಎಲ್ಲಿ ಅಡಗಿತು ಎಂದು ಹುಡುಕುವುದೇ ಕಸುಬಾದ ಮಹಾದೇವಸ್ವಾಮಿ ತನ್ನ ಬಾಟ್ಲಿಯ ತಳ ಯಾಕೆ ಬೆಳ್ಳಗಿದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. "ಅವ್ವ ಇವ್ನಿಗೆ ಏಳ್ಬ್ಯಾಡ ಅಂದಿದ್ರು ಮೇಡಂ, ಗೊತ್ತಾದ್ರೆ ಬೈತಾನೆ ಅಂತ," ಎಂದ ಚಂದ್ರು. "ಮನ್ಸು ತಿಳಿಯಾಗ್ಲಿ ಅಂತ ದಿನಾ ಒಂದ್ ಚಿಟ್ಕೆ ನೀರ್ಗಾಕಿ ಕಳುಸ್ತಾರೆ. ನಂಜುಂಡೇಶ್ವರನ ವಿಭೂತಿ. ಸೋಮ್ವಾರ ಸೋಮ್ವಾರ ತಂದ್ಕೊಡೋನು ನಾನೇ." ಕಲ್ಲಿನ ಮೇಲೆ ನೀರು ಅಂಚಿನವರೆಗೆ ಹರಿದು, ತೊಟ್ಟಿಕ್ಕಿ, ಮುಗಿಯಿತು. ವಿಭೂತಿ ಇದ್ದಲ್ಲೇ ನಿಂತಿತು.